ಪಾಷಾಣದ ಪೆಟ್ಟಿಗೆಯೊಡನೆ ಬಂಡೂರಿಗೆ

ಶ್ರಾವಣದ ತುಂತುರು ಮಳೆಯಲ್ಲಿ ನಾವು ಬೆಂಗಳೂರಿನಲ್ಲಿ ಬೆಳಗಿನ ಮೈಸೂರು ಗಾಡಿ ಹತ್ತಿದೆವು. ಟ್ರಂಕು, ಹಾಸಿಗೆ ಸುರುಳಿ, ಚಿತ್ರಾನ್ನದ ಡಬ್ಬಿ ನಮ್ಮ ಜೊತೆಯಲ್ಲಿದ್ದವು. ಯಾವ ಸಾಮಾನಿಗಾಗಿ ಈ ಪ್ರಯಾಣವೋ ಅದು ಮಾತ್ರ ಗಾಡಿಯ ಕೊನೆಯಲ್ಲಿ, ಗಾರ್ಡಿನ ಡಬ್ಬಿಯಲ್ಲಿತ್ತು. ಮರದ ಪೆಟ್ಟಿಗೆ, ಅದರೊಳಗೆ ಬೆಸುಗೆ ಹಾಕಿದ ಡಬ್ಬ, ಡಬ್ಬದೊಳಗೆ ಬಿಳಿಯ ಪಾಷಾಣದ ಪುಡಿ. ಗಾಡಿ ನಿಂತ ಸ್ಟೇಷನ್ನಿನಲ್ಲೆಲ್ಲ ನಮ್ಮ ಯಜಮಾನರು ಇಳಿದು ಹಿಂದಕ್ಕೆ ಓಡಿ, ಪೆಟ್ಟಿಗೆಯ ಪಕ್ಕದಲ್ಲಿ ಯಾರೂ ತಿನ್ನುವ ಪದಾರ್ಥ ಇಟ್ಟಿಲ್ಲವೆಂದು ನೋಡಿಕೊಂಡು, ಸೀಟಿ ಊದಿದ ಮೇಲೆ ಏದುಸಿರು ಬಿಡುತ್ತ ಬಂದು ಕೂಡುತ್ತಿದ್ದರು. ಗಾರ್ಡಿಗೆ ಬೇಸರವಾಗಿ, "ಸ್ವಾಮಿ, ನೀವು ಅಲ್ಲೇ ಪೆಟ್ಟಿಗೆ ಮೇಲೆ ಕೂತುಬಿಡಿ" ಎಂದನಂತೆ.

ಯಜಮಾನರು ವ್ಯವಸಾಯದ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಆ ವರ್ಷ ಮಳವಳ್ಳಿ ಕಡೆಯ ರಾಗಿ ಹೊಲಗಳಿಗೆ ಮಿಡತೆ ಬಿದ್ದಿತ್ತು. ತೌಡಿಗೆ ಬೆಲ್ಲದ ನೀರೂ ಪಾಷಾಣವೂ ಸೇರಿಸಿ ಕಲಸಿ ಸಾಲುಗಳ ನಡುವೆ ಚೆಲ್ಲಿದರೆ ಮಿಡತೆ ತಿಂದು ಸಾಯುತ್ತದೆ. ಆದರೆ ಹಿಂದೊಮ್ಮೆ ಬೇರೆ ಕಡೆ ಇದೇ ಕೆಲಸ ಮಾಡಿದಾಗ, ಕೈ ತೊಳೆಯದೆ ಮುದ್ದೆ ಉಂಡ ಒಬ್ಬ ಹೆಂಗಸು ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಳು. ಅಂದಿನಿಂದ ಇಲಾಖೆ ಕೆಲವು ನಿಯಮ ಮಾಡಿತ್ತು. ಮೊದಲು ಕೂಲಿಯವರಿಗೆ ತಿಳಿಸಿಕೊಡಬೇಕು, ಆಮೇಲೆ ಪೆಟ್ಟಿಗೆ ಬಿಚ್ಚಬೇಕು. ಚೆಲ್ಲುವ ಕೆಲಸ ಹೆಂಗಸರದು. ಸ್ನಾನ, ಬಟ್ಟೆ, ಬಸುರು, ಬಾಣಂತಿತನ ಎಂದು ಗಂಡಸು ಇನ್‌ಸ್ಪೆಕ್ಟರು ಮಾತು ತೆಗೆದರೆ ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಾರೆ. ನಾನು ಮದುವೆಗೆ ಮುಂಚೆ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದವಳು. "ಶಾರದಾ, ಹೆಂಗಸರಿಗೆ ನೀನು ಹೇಳು. ಹೇಗೂ ನೀನು ಆ ಸೀಮೆ ನೋಡಿಲ್ಲ" ಎಂದು ಇವರು ಕೇಳಿದಾಗ, ಮದುವೆಯಾಗಿ ವರ್ಷವಾದರೂ ಇಬ್ಬರೇ ಎಲ್ಲಿಗೂ ಹೋಗದ ನಾನು ಎರಡನೆಯ ಮಾತಾಡದೆ ಟ್ರಂಕು ಕಟ್ಟಿದೆ.

ಮದ್ದೂರಿನಲ್ಲಿ ಇಳಿದಾಗ ಹಸಿವಾಗಿತ್ತು. ಪ್ಲಾಟ್‌ಫಾರಂ ಮೇಲೆ ಬಿಸಿ ವಡೆ ಮಾರುತ್ತಿದ್ದರು. ಇವರು ಪೆಟ್ಟಿಗೆಯನ್ನು ಮರದ ಬುಡದಲ್ಲಿ ಇಳಿಸಿ, ನಲ್ಲಿಯಲ್ಲಿ ಮೊಣಕೈವರೆಗೆ ಕೈ ತೊಳೆದು, ಆಮೇಲೆ ನನಗೂ ತೊಳೆಯಲು ಹೇಳಿ, ಅದಾದ ಮೇಲೆ ವಡೆ ಕೊಂಡರು. ಅಷ್ಟರಲ್ಲಿ ವಡೆ ಆರಿತ್ತು. ಆರಿದರೂ ಕರುಮ್ ಎನ್ನುತ್ತಿತ್ತು.

ಮಳವಳ್ಳಿಗೆ ಹದಿನೈದು ಮೈಲಿಯ ದಾರಿ. ಯುದ್ಧದ ಕಾಲವಾದ್ದರಿಂದ ಪೆಟ್ರೋಲು ಇರಲಿಲ್ಲ, ಬಸ್ಸು ಇದ್ದಿಲಿನ ಗ್ಯಾಸಿನದು. ಹಿಂಬದಿಯಲ್ಲಿ ಒಂದು ದೊಡ್ಡ ಕೊಳವೆಯಂಥ ಒಲೆ, ಅದಕ್ಕೆ ಗಾಳಿ ಹಾಕಲು ಕೈಯಲ್ಲಿ ತಿರುಗಿಸುವ ಚಕ್ರ. ಅರ್ಧ ಗಂಟೆ ತಿರುಗಿಸಿದ ಮೇಲೆ ಬಸ್ಸು ಕೆಮ್ಮಿ ಹೊರಟಿತು. ಏರು ಬಂದಲ್ಲಿ ಗಂಡಸರೆಲ್ಲ ಇಳಿದು ನಡೆದರು. ಒಂದು ಕಡೆ ಬಸ್ಸಿಗಿಂತ ಅವರೇ ಮುಂದೆ ಹೋಗಿ ಹುಣಿಸೆ ಮರದಡಿ ಕೂತು ಕಾದರು. ಎರಡು ಕಡೆಯೂ ಕೆಂಪು ಮಣ್ಣಿನ ರಾಗಿ ಹೊಲ, ನಡುನಡುವೆ ಹುಚ್ಚೆಳ್ಳು. ಆ ಹೊಗೆಗೋ ಕುಲುಕಿಗೋ ನನಗೆ ಹೊಟ್ಟೆ ತೊಳಸಿ, ಮಳವಳ್ಳಿ ಸೇರುವಷ್ಟರಲ್ಲಿ ಮಾತು ನಿಂತಿತ್ತು. ಮುಸಾಫಿರಖಾನೆಯ ಜಗಲಿಯಲ್ಲಿ ಮಲಗಿ ಸಂಜೆ ಮಜ್ಜಿಗೆ ಅನ್ನ ಉಂಡ ಮೇಲೆ ಜೀವ ಬಂತು.

ಮರುದಿನ ಬೆಳಿಗ್ಗೆ ತಗಡಿನ ಕೆಲಸದವರನ್ನು ಹುಡುಕಿಕೊಂಡು ಪೇಟೆಗೆ ಹೋದೆವು. ತೌಡನ್ನು ಕೈಯಲ್ಲಿ ಮುಟ್ಟದೆ ಚೆಲ್ಲಲು ಉದ್ದ ಹಿಡಿಯ ಸೌಟುಗಳು ಬೇಕಿದ್ದವು. ಕರೀಂ ಸಾಬರ ಅಂಗಡಿ ಎಂದರೆ ಒಂದು ಚಪ್ಪರ, ಒಂದು ಕುಲುಮೆ, ಸುತ್ತಲೂ ಖಾಲಿ ಸೀಮೆಎಣ್ಣೆ ಡಬ್ಬ. ಸಾಬರು ಬಿಳಿ ಗಡ್ಡದವರು, ಕನ್ನಡಕದ ಒಂದು ಕಡ್ಡಿಗೆ ಬದಲು ದಾರ ಕಟ್ಟಿಕೊಂಡಿದ್ದರು.

"ಹೊಸ ತಗಡು ಎಲ್ಲಿ ಬರ್ತದೆ ಸಾಮಿ? ಎಲ್ಲಾ ಲಡಾಯಿಗೆ ಹೋಯ್ತು. ಈ ಡಬ್ಬ ಕುಯ್ದು ಮಾಡ್ಕೊಡ್ತೀನಿ" ಎಂದು ಒಂದು ಸೌಟು ಮಾಡಿ ತೋರಿಸಿದರು. ದುಂಡಗೆ, ಚೆಂದವಾಗಿತ್ತು. ನನಗೆ ಅದನ್ನು ನೋಡಿ ಒಳಗೇ ಭಯವಾಯಿತು. ಇಷ್ಟು ಒಳ್ಳೆಯ ಸೌಟನ್ನು ಯಾವ ಹೆಂಗಸು ಕೆಲಸ ಮುಗಿದ ಮೇಲೆ ಹೊಲದಲ್ಲಿ ಬಿಟ್ಟುಬರುತ್ತಾಳೆ? ತೊಳೆದು ಸಾರಿಗೆ ಹಾಕುತ್ತಾಳೆ.

"ಸಾಬರೇ, ಅಡಿಗೆಮನೆಗೆ ಬಾರದ ಹಾಗೆ ಮಾಡಿಕೊಡಿ" ಎಂದೆ.

ಸಾಬರು ಕನ್ನಡಕದ ಮೇಲಿಂದ ನೋಡಿದರು. ಅಡಿಗೆಗೆ ಬಾರದ ಸೌಟು ಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ. ಪಾಷಾಣದ ವಿಚಾರ ಹೇಳಿದ ಮೇಲೆ ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡು, "ಅಲ್ಲಾ, ನಮ್ಮ ಮನೇಲೂ ಮೊಮ್ಮಕ್ಕಳು ಅವ್ರೆ ಅಮ್ಮಾ" ಎಂದು ತಗಡನ್ನು ಚೌಕವಾಗಿ ಮಡಿಸಿ, ತಳದಲ್ಲಿ ದೊಡ್ಡ ತೂತುಗಳನ್ನು ಹೊಡೆದರು. ಒದ್ದೆ ತೌಡು ಅದರಲ್ಲಿ ನಿಲ್ಲುತ್ತಿತ್ತು, ಸಾರು ನಿಲ್ಲುತ್ತಿರಲಿಲ್ಲ. ಸಂಜೆಗೆ ಹನ್ನೆರಡು ಸೌಟು ಸಿದ್ಧವಾದವು. ಒಂದೊಂದರ ಹಿಡಿಯನ್ನೂ ತಮ್ಮ ಅಂಗೈಗೆ ಉಜ್ಜಿ, ಚೂಪು ಎಲ್ಲೂ ಉಳಿದಿಲ್ಲವೆಂದು ನೋಡಿಯೇ ಕೊಟ್ಟರು.

ಮೂರನೆಯ ದಿನ ಎತ್ತಿನ ಗಾಡಿಯಲ್ಲಿ ಬಂಡೂರು ಸೇರಿದೆವು. ಊರಿಗೆ ಮುಂಚೆ ಅದರ ಕುರಿಗಳೇ ಕಂಡವು. ಕಾಲು ಗಿಡ್ಡ, ಮೈ ದಪ್ಪ, ತುಂಬಿದ ಚೀಲ ನಡೆದುಬರುವ ಹಾಗೆ ಬರುತ್ತಿದ್ದವು. ಆ ಊರಿನವರು ಮಕ್ಕಳಿಗಿಂತ ಒಂದು ಕೈ ಹೆಚ್ಚಾಗಿ ಅವನ್ನು ನೋಡಿಕೊಳ್ಳುತ್ತಾರೆಂದು ಗಾಡಿಯವನು ಹೇಳಿದ. ಪಟೇಲರು ಗಟ್ಟಿ ದನಿಯ ಗೌಡರು. ತಮ್ಮ ಜಗಲಿಯ ಮುಂದೆಯೇ ಕೂಲಿ ಹೆಂಗಸರನ್ನು ಸೇರಿಸಿದ್ದರು.

ನಾನು ಶಾಲೆಯಲ್ಲಿ ಹೇಳುವಂತೆ ಒಂದೊಂದೇ ಹೇಳುತ್ತ ಹೋದೆ. ಕಲಸುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಮೂಗುಬಾಯಿಗೆ ಬಟ್ಟೆ ಕಟ್ಟಬೇಕು. ಎಲೆಅಡಿಕೆ ಹಾಕಬಾರದು. ಮಿಕ್ಕ ತೌಡನ್ನು ಆಳದಲ್ಲಿ ಹೂಳಬೇಕು. ಬಸುರಿಯರು, ಮಗುವಿಗೆ ಹಾಲೂಡುವವರು ಈ ಕೆಲಸಕ್ಕೆ ಬರಬಾರದು. "ನಿಮ್ಮಲ್ಲಿ ಅಂಥವರು ಯಾರಾದರೂ ಇದ್ದೀರಾ?" ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ. ಕೊನೆಗೆ ಉಳಿದಿದ್ದ ನಿಯಮ ಓದಿದೆ: ಪುಡಿ ಬಳೆಗಳ ಸಂದಿಯಲ್ಲಿ ಕೂರುವುದರಿಂದ ಬಳೆ ತೆಗೆದಿಟ್ಟು ಕೆಲಸಕ್ಕೆ ಬರಬೇಕು.

ಅಲ್ಲಿಯವರೆಗೆ ನಗುತ್ತ ಕೇಳುತ್ತಿದ್ದವರ ಮುಖ ಬಿಗಿಯಿತು. ನಡುವಿನಿಂದ ಒಬ್ಬ ಹರೆಯದ ಹೆಂಗಸು ಎದ್ದು ನಿಂತಳು. ಹೆಸರು ಕೆಂಪಮ್ಮ.

"ನನ್ ಗಂಡ ಪಟಾಲಮ್ಮಿಗೆ ಸೇರ್ಕಂಡು ಯುದ್ದಕ್ಕೋಗವ್ನೆ ಕಣವ್ವ. ಅವ್ನು ಅಲ್ಲಿರೋವಾಗ ನಾನಿಲ್ಲಿ ಬಳೆ ತೆಗೀಲಾ? ನಿಮ್ ತೌಡೂ ಬ್ಯಾಡ, ಕೂಲಿನೂ ಬ್ಯಾಡ" ಎಂದು ಹೊರಟೇಬಿಟ್ಟಳು. ಅವಳ ಹಿಂದೆ ಉಳಿದವರೂ ಸೀರೆ ಕೊಡವಿಕೊಂಡು ಎದ್ದರು.

"ಕುಂತ್ಕಳಿ ಎಲ್ರೂ! ಸರ್ಕಾರದೋರು ಏಳಿದ್ ಮ್ಯಾಲೆ ಮುಗೀತು" ಎಂದು ಪಟೇಲರು ಗದರಿದರು.

ಗುಂಪಿನಲ್ಲಿ ಹಿರಿಯಳಾದ ತಾಯಮ್ಮ ಎನ್ನುವಾಕೆ ತಣ್ಣಗೆ ನನ್ನ ಕಡೆ ತಿರುಗಿ, "ನೀವ್ ತೆಗೀತೀರಾ ಅವ್ವಾ?" ಎಂದು ಕೇಳಿದಳು.

ನನ್ನ ಕೈಯಲ್ಲಿ ಶ್ರಾವಣದ ಮಂಗಳಗೌರಿ ಪೂಜೆಗೆಂದು ಅಮ್ಮ ತೊಡಿಸಿ ಕಳಿಸಿದ್ದ ಹಸಿರು ಬಳೆಗಳಿದ್ದವು. ನಾನು ಇವರ ಮುಖ ನೋಡಿದೆ. ಪಾಪ, ಅವರು ನಿಯಮದ ಹಾಳೆಯನ್ನೇ ನೋಡುತ್ತಿದ್ದರು. "ಇಲ್ಲ, ನಾನೂ ತೆಗೆಯುವುದಿಲ್ಲ" ಎಂದೆ. "ಆದರೆ ಪುಡಿ ಬಳೆಗೆ ಸೇರಬಾರದು. ಅದಕ್ಕೇನು ಮಾಡೋಣ ಹೇಳಿ."

ಎಲ್ಲರೂ ಮತ್ತೆ ಕೂತರು. ಬಟ್ಟೆ ಸುತ್ತಿಕೊಳ್ಳೋಣವೆಂದು ಒಬ್ಬಳು ಅಂದಳು. ಸುತ್ತಿದ್ದು ಬಿಚ್ಚಿಹೋಗುತ್ತದೆಂದು ಇನ್ನೊಬ್ಬಳು ಅಂದಳು. ಕಡೆಗೆ ನನ್ನ ಹಾಸಿಗೆ ಸುರುಳಿಯ ದಪ್ಪ ದುಪ್ಪಟಿಯನ್ನು ಕತ್ತರಿಸಿ, ಬೆರಳ ತುದಿಯಿಂದ ಮೊಣಕೈವರೆಗೆ ಬರುವ ಚೀಲದಂಥ ತೋಳು ಹೊಲಿಯುವುದೆಂದಾಯಿತು. ಪಟೇಲರ ಮನೆಯಿಂದಲೂ ಹಳೆಯ ಪಂಚೆ ಬಂತು. ಮಧ್ಯಾಹ್ನವೆಲ್ಲ ಜಗಲಿಯ ಮೇಲೆ ಕೂತು ಸೂಜಿ ಆಡಿಸಿದೆವು. ಮೊಣಕೈ ಹತ್ತಿರ ಲಾಡಿ, ಹೆಬ್ಬೆರಳಿಗೆ ಬೇರೆ ಗೂಡು. ಹಾಕಿಕೊಂಡು ನೋಡಿದಾಗ ಎಲ್ಲರ ಕೈಯೂ ಕರಡಿಯ ಕೈಯಂತೆ ಕಾಣುತ್ತಿತ್ತು. ಹೊರಟುಹೋಗಿದ್ದ ಕೆಂಪಮ್ಮ ನಗು ಕೇಳಿ ಬಂದು ಬೇಲಿಯ ಹತ್ತಿರ ನಿಂತಿದ್ದಳು. ತಾಯಮ್ಮ ಒಂದು ಜೊತೆ ಅವಳ ಕಡೆ ಎಸೆದು, "ಬಾರೆ, ನಿನ್ ಬಳೆ ಯಾರೂ ಕಿತ್ಕಳಲ್ಲ" ಎಂದಳು. ಇಲಾಖೆಯ ಹಾಳೆಯಲ್ಲಿ ಬಳೆಯ ಸಾಲಿನ ಮೇಲೆ ಇವರು ಅಡ್ಡಗೆರೆ ಎಳೆದು ಪಕ್ಕದಲ್ಲಿ 'ಬಟ್ಟೆಯ ತೋಳು' ಎಂದು ಬರೆದರು. ಇಲಾಖೆಯ ನಿಯಮದ ಮೇಲೆ ಅವರು ಎಂದೂ ಗೆರೆ ಎಳೆದವರಲ್ಲ.

ಮರುದಿನ ಮುಂಜಾನೆ ಇಬ್ಬನಿ ಆರುವ ಮೊದಲೇ ಹೊಲದ ಬದುವಿನಲ್ಲಿ ಪೆಟ್ಟಿಗೆ ಬಿಚ್ಚಿದರು. ಊರಿನ ಕುರಿ, ಕೋಳಿಗಳನ್ನೆಲ್ಲ ಕಟ್ಟಿಹಾಕಲು ಹಿಂದಿನ ಸಂಜೆಯೇ ತಮಟೆ ಹೊಡೆಸಿದ್ದಾಗಿತ್ತು. ಇವರೇ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ತೊಟ್ಟಿಯಂಥ ಮರದ ದೋಣಿಯಲ್ಲಿ ತೌಡಿಗೆ ಪುಡಿ ಸುರಿದು, ಬೆಲ್ಲದ ನೀರು ಬಿಟ್ಟು, ದೊಣ್ಣೆಯಲ್ಲಿ ಕಲಸಿದರು. ಹೆಂಗಸರು ಚೌಕ ಸೌಟು ಹಿಡಿದು ಸಾಲಾಗಿ ನಡೆದರು. ರಾಗಿ ಪೈರಿನ ಮೇಲೆ ಮಿಡತೆಗಳು ಪಟಪಟ ಸಿಡಿಯುತ್ತಿದ್ದವು. ಬೆಲ್ಲದ ವಾಸನೆ ಹಬ್ಬದ ಮನೆಯ ವಾಸನೆಯಂತಿತ್ತು. ಸಾವು ಇಷ್ಟು ಸಿಹಿಯಾಗಿ ನಾರಬಾರದು ಅನ್ನಿಸಿತು. ನನಗೆ ಮತ್ತೆ ಹೊಟ್ಟೆ ತೊಳಸಿ, ಬದುವಿನ ಆಚೆ ಹೋಗಿ ವಾಂತಿ ಮಾಡಿಕೊಂಡೆ.

ಬಿಸಿಲು ಏರುತ್ತಿದ್ದಾಗ ಮಗುವಿನ ಅಳು ಕೇಳಿತು. ಒಬ್ಬ ಮುದುಕಿ ಎಳೆಯ ಕೂಸನ್ನು ಎತ್ತಿಕೊಂಡು ಬದುವಿನ ಮೇಲೆ ಬರುತ್ತಿದ್ದಳು. ಮಗು ಮುಖವೆಲ್ಲ ಕೆಂಪಾಗಿ, ಉಸಿರು ಕಟ್ಟಿಕೊಂಡು ಅಳುತ್ತಿತ್ತು. "ಕೆಂಪೀ, ಏನ್ ಕುಡಿಸಿದ್ರೂ ಉಗೀತಾನೆ ಕಣೆ" ಎಂದು ಮುದುಕಿ ಕೂಗಿದಳು. ಹೊಲದ ನಡುವಿನಿಂದ ಕೆಂಪಮ್ಮ ಸೌಟು ಬಿಸಾಕಿ, ಕೈಯ ತೋಳುಗಳನ್ನು ಕಿತ್ತೆಸೆದು ಓಡಿಬಂದಳು. ಅವಳ ಸೆರಗಿನ ಮೇಲೆ, ಎದೆಯ ಮೇಲೆ ಒದ್ದೆ ತೌಡು ಮೆತ್ತಿತ್ತು. ಓಡುತ್ತಲೇ ಕುಪ್ಪಸಕ್ಕೆ ಕೈ ಹಾಕಿದ್ದಳು.

ನಾನು ಹೇಗೆ ಅಷ್ಟು ಬೇಗ ಓಡಿದೆನೋ ತಿಳಿಯದು. ಅವಳಿಗೂ ಮಗುವಿಗೂ ನಡುವೆ ನಿಂತು ಎರಡು ಕೈ ಅಗಲಿಸಿದೆ. "ಮುಟ್ಟಬೇಡ ಕೆಂಪಮ್ಮ! ಕೈ ತೊಳಿ ಮೊದಲು!"

"ಬುಡಿ ನನ್ನ! ಮಗ ಅಳ್ತಾ ಅವ್ನೆ!" ಅವಳು ನನ್ನನ್ನು ನೂಕಿದಳು. ನಾನು ಬಿಡಲಿಲ್ಲ. ಮಗು ಅವಳ ದನಿ ಕೇಳಿ ಇನ್ನೂ ಜೋರಾಗಿ ಚೀರಿತು. ಮೊಲೆಯಿಂದ ಹಾಲು ತಾನಾಗಿ ಸೋರಿ ಅವಳ ಕುಪ್ಪಸ ಒದ್ದೆಯಾಗುತ್ತಿತ್ತು. ಆ ತಾಯಿಯನ್ನು ಆ ಹೊತ್ತಿನಲ್ಲಿ ತಡೆದು ನಿಲ್ಲುವುದಕ್ಕಿಂತ ಕಷ್ಟದ ಕೆಲಸವನ್ನು ನಾನು ಮಾಡಿಲ್ಲ.

ತಾಯಮ್ಮ ಕೊಡ ಎತ್ತಿಕೊಂಡು ಬಂದಳು. ಉಳಿದವರು ನಮ್ಮ ಸುತ್ತ ಬೆನ್ನು ಮಾಡಿ ನಿಂತು ಸೀರೆಯ ಸೆರಗುಗಳನ್ನೇ ಹಿಡಿದು ಗೋಡೆ ಮಾಡಿದರು. ಇವರು ದೂರದಲ್ಲಿ ಮುಖ ತಿರುಗಿಸಿಕೊಂಡು, "ಉಗುರಿನ ಸಂದಿ! ಉಗುರಿನ ಸಂದಿ!" ಎಂದು ಕೂಗುತ್ತಿದ್ದರು. ಅಂಟುವಾಳದ ನೊರೆಯಲ್ಲಿ ಅವಳ ಕೈ, ಬಳೆ, ಕತ್ತು, ಎದೆ ತಿಕ್ಕಿ ತಿಕ್ಕಿ ತೊಳೆದೆವು. ಬಟ್ಟೆ ತೆಗೆಸಿ, ನಾನು ಹೊದ್ದು ತಂದಿದ್ದ ಶಾಲು ಸುತ್ತಿದೆವು. ಆಮೇಲೆ ಮಗುವನ್ನು ಕೈಗೆ ಕೊಟ್ಟೆವು. ಮಗು ಒಂದು ಸಲ ಬಿಕ್ಕಿ, ಕಣ್ಣು ಮುಚ್ಚಿ, ಗುಟುಕು ಗುಟುಕಾಗಿ ಕುಡಿಯತೊಡಗಿತು. ಕೆಂಪಮ್ಮ ಅದರ ನೆತ್ತಿಯ ಮೇಲೆ ಗಲ್ಲವಿಟ್ಟು ಅಳುತ್ತಿದ್ದಳು.

"ನೆನ್ನೆ ಕೇಳ್ದಾಗ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಏಳಿದ್ರೆ ಕೆಲ್ಸ ಕೊಡ್ತಿದ್ರಾ?" ಎಂದಳು.

ನಿಯಮ ಮಾಡಿದವರು ಮಗುವನ್ನು ನೆನೆದಿದ್ದರು, ಮಗುವಿನ ತಾಯಿ ಆ ದಿನ ಏನು ಉಣ್ಣಬೇಕೆಂದು ನೆನೆದಿರಲಿಲ್ಲ. ನಾನು ಇವರ ಹತ್ತಿರ ಹೋಗಿ, ಅವಳನ್ನು ಮನೆಗೆ ಕಳಿಸುವುದು ಬೇಡ, ಹೊಲದ ಬಾಯಿಯಲ್ಲಿ ಮಗುವಿನ ಜೊತೆ ಕೂರಿಸಿ ಕುರಿ, ಕೋಳಿ, ಮಕ್ಕಳು ಒಳಗೆ ಬಾರದಂತೆ ಕಾಯಲು ಬಿಡೋಣ, ಕೂಲಿ ಎಲ್ಲರಷ್ಟೇ ಕೊಡೋಣ ಎಂದೆ. ಇವರು ಪಟೇಲರ ಕಡೆ ನೋಡಿದರು.

"ನೆಳ್ಳಾಗ್ ಕುಂತೋಳ್ಗೂ ಕೂಲಿನಾ?" ಎಂದರು ಪಟೇಲರು.

"ನಿಮ್ ಕುರಿ ಅಗ್ಗ ಕಿತ್ಕಂಡು ಬಂದು ಈ ತೌಡು ಮೇಯ್ದ್ರೆ, ನಾವೇನ್ ಮಾಡಾಕಾಯ್ತದೆ ಗೌಡ್ರೆ? ನಾವು ತಲೆ ಬಗ್ಸಿ ಚೆಲ್ತಿರ್ತೀವಿ" ಎಂದಳು ತಾಯಮ್ಮ.

ಪಟೇಲರು ತಮ್ಮ ದೊಡ್ಡಿಯ ಕಡೆಗೊಮ್ಮೆ ನೋಡಿದರು. "ಆಯ್ತು ಬುಡು, ಕಾಯ್ಲಿ" ಎಂದರು. ಇವರು ಹಾಳೆಯಲ್ಲಿ ಇನ್ನೊಂದು ಸಾಲು ಬರೆದರು. 'ಹಾಲೂಡುವವರಿಗೆ ಕಾವಲಿನ ಕೆಲಸ, ಕೂಲಿ ಎಲ್ಲರಷ್ಟೇ.'

ಮಧ್ಯಾಹ್ನ ಮಿಕ್ಕ ತೌಡು ಹೂಳುವುದನ್ನು ನೋಡಲು ನಾನು ಗುಂಡಿಯ ಹತ್ತಿರ ಹೋಗುತ್ತಿದ್ದೆ. ತಾಯಮ್ಮ ಅಡ್ಡ ಬಂದಳು. "ನೀವ್ ಅಲ್ಲೇ ನಿಂತ್ಕಳಿ" ಎಂದಳು. ಯಾಕೆಂದು ಕೇಳಿದೆ. ಅವಳು ಅತ್ತಿತ್ತ ನೋಡಿ ದನಿ ಇಳಿಸಿ, "ಬೆಳಿಗ್ಗೆ ಬದೀನ್ ಮರೇಲಿ ವಾಕರ್ಸ್ಕಂಡ್ರಲ್ಲ, ನೋಡ್ದೆ. ತಲೆಗ್ ನೀರಾಕ್ಕಂಡು ಎಷ್ಟ್ ದಿನ ಆಯ್ತವ್ವಾ?" ಎಂದಳು.

ನಾನು ಮನಸ್ಸಿನಲ್ಲೇ ಎಣಿಸತೊಡಗಿ ಅರ್ಧಕ್ಕೇ ನಿಂತೆ. ಬಸ್ಸಿನ ಹೊಗೆ, ಕುಲುಕು, ಬೆಲ್ಲದ ವಾಸನೆ ಎಂದು ನಾನು ಏನೇನೋ ಕಾರಣ ಕಟ್ಟಿಕೊಂಡಿದ್ದೆ. ತಾಯಮ್ಮ ನನ್ನ ಮುಖ ನೋಡಿ ಬಾಯ್ತುಂಬ ನಕ್ಕಳು. "ಓಗಿ, ಕೆಂಪಿ ಪಕ್ಕ ಕುಂತ್ಕಳಿ. ನೀವೂ ಕುರಿ ಕಾಯಿ ಓಗಿ" ಎಂದು ನನ್ನ ತೋಳು ಹಿಡಿದು ಅಷ್ಟು ದೂರ ತಾನೇ ನಡೆಸಿದಳು. ಕೆಂಪಮ್ಮ ಜರುಗಿ ಜಾಗ ಕೊಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಮಲಗಿದ್ದ ಮಗುವನ್ನು ನನ್ನ ತೊಡೆಯ ಮೇಲಿಟ್ಟು, ತೆರೆದುಕೊಂಡ ಬಾಯನ್ನು ಬೆರಳ ತುದಿಯಿಂದ ಮುಚ್ಚಿ, "ಇಂಗೇ ಬಾಯಿ ಕಳ್ಕಂಡು ಮಲೀಕತಾನೆ, ಅವರಪ್ಪನಂಗೆ" ಎಂದಳು.

ಇನ್ನೆರಡು ದಿನ ಅಲ್ಲಿದ್ದೆವು. ರಾಗಿ ಬುಡದಲ್ಲಿ ಸತ್ತ ಮಿಡತೆ ಸಿಕ್ಕವು. ಉಳಿದವು ಹಾರಿದರೂ ಹಿಂದಿನ ಸದ್ದಿರಲಿಲ್ಲ. ಯಾರ ಮನೆಯಲ್ಲೂ ಹೊಟ್ಟೆನೋವಾಗಲಿಲ್ಲ, ಒಂದು ಕುರಿಯೂ ಕೆಡಲಿಲ್ಲ. ಬೆಳೆ ಪೂರ್ತಿ ಉಳಿಯಿತೆಂದು ಹೇಳಲಾರೆ. ಅರ್ಧಕ್ಕಿಂತ ಹೆಚ್ಚು ಉಳಿಯಿತೆಂದು ಪಟೇಲರು ಸುಗ್ಗಿಯ ಮೇಲೆ ಬರೆಸಿ ಕಳಿಸಿದರು.

ಮಳವಳ್ಳಿಗೆ ಹಿಂತಿರುಗುವ ಗಾಡಿಯಲ್ಲಿ ಇವರಿಗೆ ವಿಷಯ ಹೇಳಿದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಮುಂದಿನ ದಾರಿಯನ್ನು ನೋಡಿದರು. ಆಮೇಲೆ ಗಾಡಿಯವನ ಭುಜ ಮುಟ್ಟಿ, "ನಿಧಾನಕ್ಕೆ ಹೊಡಿಯಪ್ಪಾ, ಕಲ್ಲು ನೋಡಿಕೊಂಡು" ಎಂದರು.

ಮದ್ದೂರಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಹನಕೆರೆ ದಾಟಿ ಮಂಡ್ಯಕ್ಕೆ ಹೋದೆವು. ನಾಲೆಯ ನೀರು ಬಂದ ಸೀಮೆ. ಎರಡು ಕಡೆಯೂ ಕಬ್ಬು, ಭತ್ತ, ಕಣ್ಣು ತಂಪಾಯಿತು. ಸರ್ಕಾರಿ ಫಾರಮ್ಮಿನಲ್ಲಿ ಮೇಲಧಿಕಾರಿಗಳಿಗೆ ವರದಿ ಒಪ್ಪಿಸಬೇಕಿತ್ತು. ಅವರು ತಿದ್ದಿದ ಹಾಳೆ ನೋಡಿ ಹುಬ್ಬೇರಿಸಿದರು. "ಬಳೆ ತೆಗೆಸಲಿಲ್ಲವೇನ್ರೀ?"

ಮೇಲಿನವರೆದುರು ಹೂಂ, ಹಾಂ ಬಿಟ್ಟು ಮಾತಾಡದ ಇವರು ಅಂದು ನೆಟ್ಟಗೆ ನಿಂತು ಹೇಳಿದರು: "ತೆಗೆಸಿದ್ದರೆ ಯಾರೂ ಕಲಿಯಲು ಕೂರುತ್ತಿರಲಿಲ್ಲ, ಸಾರ್. ನಾವು ಊರು ಬಿಟ್ಟ ಮೇಲೆ ಬರಿಗೈಯಲ್ಲಿ ತಾವೇ ಕಲಸಿಕೊಳ್ಳುತ್ತಿದ್ದರು."

ನಾವು ಮಾದರಿಗೆಂದು ತಂದಿದ್ದ, ಯಾರೂ ಬಳಸದ ತೋಳೊಂದನ್ನು ಅಧಿಕಾರಿಗಳು ತೆಗೆದುಕೊಂಡು ತಮ್ಮ ಕೈಗೇ ತೊಟ್ಟು, ಬೆರಳು ಆಡಿಸಿ, ಲಾಡಿ ಎಳೆದು ನೋಡಿದರು. ಅದನ್ನು ತೊಟ್ಟುಕೊಂಡೇ ಕಿಟಕಿಯಾಚೆ ಕೆಲಸದಲ್ಲಿದ್ದ ಫಾರಮ್ಮಿನ ಹೆಂಗಸರನ್ನು ಸ್ವಲ್ಪ ಹೊತ್ತು ನೋಡಿದರು. "ಇವರಿಗೂ ಹೊಲಿಸಬೇಕು" ಎಂದರು. ಹಾಲೂಡುವವರ ಸಾಲನ್ನು ಓದಿ ಕೆಳಗೆ ರುಜು ಹಾಕಿದರು. ಇವರು ಹೊರಗೆ ಬಂದು ಬೇವಿನ ಮರದ ಕೆಳಗೆ ಬೆವರು ಒರೆಸಿಕೊಂಡರು.

ಮರುದಿನ ಬೆಂಗಳೂರಿನ ಗಾಡಿ ಹತ್ತಿದೆವು. ಇಂಜಿನಿನ ಹೊಗೆ, ಇದ್ದಿಲ ಕಿಡಿ ನನ್ನ ಮೇಲೆ ಬೀಳಬಾರದೆಂದು ಇವರು ಗಾಡಿ ಅಲುಗುವ ಮೊದಲೇ ಕಿಟಕಿಯ ಹಲಗೆ ಪೂರ್ತಿ ಇಳಿಸಿಬಿಟ್ಟರು. ಡಬ್ಬಿಯಲ್ಲಿ ಕತ್ತಲಾಯಿತು. ಎದುರಿಗೆ ಕೂತಿದ್ದ ಮಂಡಿ ವ್ಯಾಪಾರಿ, "ಯಾಕ್ ಸ್ವಾಮಿ, ಸೆಖೆ ಆಗಲ್ವಾ?" ಎಂದು ಕೇಳಿದ. "ನಮ್ಮ ಮನೆಯವರಿಗೆ ಹೊಗೆ ಆಗುವುದಿಲ್ಲ" ಎಂದರು. ಹೇಳುವಾಗ ಅವರಿಗೆ ಎಂಥದೋ ಹೆಮ್ಮೆ.

"ರೀ, ಒಂದು ನಾಲ್ಕು ಬೆರಳಷ್ಟು ಎತ್ತಿ. ಮಂಡ್ಯ ದಾಟುತ್ತಲ್ಲ" ಎಂದೆ.

ಅವರು ಗಾಳಿ ಯಾವ ಕಡೆಗಿದೆಯೆಂದು ನೋಡಿ, ಅಷ್ಟೇ ಎತ್ತಿ, ಹಲಗೆ ಜಾರದಂತೆ ಕೈಯಲ್ಲಿ ಹಿಡಿದುಕೊಂಡರು. ಆ ಸಂದಿಯಿಂದ ನಾನು ಬಗ್ಗಿ ನೋಡಿದೆ. ಮಳೆ ನಿಂತ ಗದ್ದೆಗಳಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಕಳೆ ಕೀಳುತ್ತಿದ್ದರು. ಗಾಡಿಯ ಸದ್ದಿಗೆ ಒಬ್ಬಳು ಸೊಂಟ ನೆಟ್ಟಗೆ ಮಾಡಿ ಕೈಯೆತ್ತಿದಳು, ಅವಳ ಪಕ್ಕದವಳೂ ಎತ್ತಿದಳು. ಅವರಿಗೆ ನಾನು ಕಾಣುವಂತಿರಲಿಲ್ಲ. ಆದರೂ ಆ ನಾಲ್ಕು ಬೆರಳಿನ ಸಂದಿಯಲ್ಲಿ ಬೆರಳುಗಳನ್ನು ಹೊರಗೆ ಚಾಚಿ, ಗದ್ದೆ ಮರೆಯಾಗುವವರೆಗೂ ಆಡಿಸಿದೆ.